ಸಂಪಾದಕರು ಗ್ರೂಪ್ ಬಿಟ್ಟ ಪ್ರಸಂಗ

ಲೋಕದ ಆಗುಹೋಗುಗಳ ಬಗ್ಗೆ ದಿನಕ್ಕೊಂದು ಅಭಿಪ್ರಾಯ ಇಟ್ಟುಕೊಳ್ಳುವುದು ತಪ್ಪಲ್ಲ. ಆದರೆ ಅದನ್ನು ಬೆಳಗ್ಗೆ ಆರು ಗಂಟೆಗೆ ಸರಿಯಾಗಿ ಕಟ್ಟಡದ ಗ್ರೂಪಿನ ಮೂಲಕ ಇಪ್ಪತ್ತನಾಲ್ಕು ಮನೆಗಳ ಫೋನಿಗೆ ಕಳಿಸುವುದು ಸ್ವಲ್ಪ ಅತಿಯಾಯಿತು ಎಂದು ಆ ಕಟ್ಟಡದವರೆಲ್ಲರೂ ಒಮ್ಮತದಿಂದ ನಂಬಿದ್ದರು. ಎದುರಿಗೆ ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ಕಳಿಸುತ್ತಿದ್ದವರು ಮುಖ್ಯರಸ್ತೆಯ ಕನ್ನಡಕದ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಫ್ರೇಮಿಗೆ ಗಾಜು ಕೂರಿಸುತ್ತಿದ್ದವರು. ಕಟ್ಟಡದ ಅರ್ಧ ಮೂಗುಗಳ ಮೇಲೆ ಅವರ ಕೈಕೆಲಸವೇ ಕುಳಿತಿತ್ತು. ಹಾಗಾಗಿ ಜನ ಬೆನ್ನ ಹಿಂದೆ ಅವರಿಗೆ 'ಸಂಪಾದಕರು' ಎಂದು ಹೆಸರಿಟ್ಟು ಸಮಾಧಾನ ಮಾಡಿಕೊಂಡರು. ಆ ಹೆಸರು ಒಂದು ದಿನ ಮೆಟ್ಟಿಲ ಮೇಲೆ ಅವರ ಕಿವಿಗೇ ಬಿತ್ತು. ಅವರು ಅದನ್ನು ಬಿರುದೆಂದುಕೊಂಡರು. ಮರುದಿನದಿಂದ ಲೇಖನ ಎರಡು ಪ್ಯಾರಾ ಉದ್ದವಾಯಿತು.

ಸಂಪಾದಕರು ಮುಟ್ಟದ ವಿಷಯವಿರಲಿಲ್ಲ. ಯಾವುದೋ ಎರಡು ದೇಶಗಳು ಗಡಿಯಲ್ಲಿ ಗುರುಗುಟ್ಟಿದರೆ ಇವರು ಇಲ್ಲಿ ಬಚ್ಚಲಿಗೂ ಹೋಗದೆ ಏಳು ಅಂಶಗಳ ಶಾಂತಿ ಸೂತ್ರ ಬರೆಯುತ್ತಿದ್ದರು. 'ಕೃತಕ ಬುದ್ಧಿಮತ್ತೆ: ನಾವೆಲ್ಲಿಗೆ ಹೊರಟಿದ್ದೇವೆ?' ಎಂಬ ಮಾಲೆ ಹದಿನಾಲ್ಕನೆಯ ಭಾಗಕ್ಕೆ ಬಂದಿತ್ತು, ಇನ್ನೂ ಎಲ್ಲಿಗೂ ಹೊರಟಿರಲಿಲ್ಲ. ಫ್ರಿಜ್ಜಿನಲ್ಲಿ ಮಂಜುಗಡ್ಡೆ ಕಟ್ಟುವುದಕ್ಕೂ ಜಾಗತಿಕ ತೈಲ ರಾಜಕೀಯಕ್ಕೂ ಇರುವ ಸಂಬಂಧವನ್ನು ಅವರು ಒಮ್ಮೆ ಸಾಧಿಸಿ ತೋರಿಸಿದ್ದರು. ಮೂರು ವರ್ಷಗಳಲ್ಲಿ ಇವುಗಳಲ್ಲಿ ಒಂದಕ್ಕೂ ಒಂದು ಉತ್ತರ ಬಂದದ್ದಿಲ್ಲ. ಶಾಂತಿ ಸೂತ್ರದ ಕೆಳಗೆ ಬಂದ ಮುಂದಿನ ಸಂದೇಶ ಹೀಗಿತ್ತು: 'ಯಾರದೋ ಬಿಳಿ ಕಾಲುಚೀಲ ಒಂದು ನಮ್ಮ ಬಾಲ್ಕನಿಗೆ ಬಿದ್ದಿದೆ.' ಕಾಲುಚೀಲಕ್ಕೆ ಹನ್ನೊಂದು ಉತ್ತರ ಬಂದವು.

ಆ ಗ್ರೂಪಿನಲ್ಲಿ ಉತ್ತರ ಕಡ್ಡಾಯವಿದ್ದದ್ದು ನಿವಾಸಿಗಳ ಸಂಘದ ಕಾರ್ಯದರ್ಶಿಯವರ ಸಂದೇಶಕ್ಕೆ ಮಾತ್ರ. ಕಾರ್ಯದರ್ಶಿಯವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರಾಗಿದ್ದು ನಿವೃತ್ತರಾದವರು. ಅವರು ಏನು ಕಳಿಸಿದರೂ ಒಂದು ಗಂಟೆಯೊಳಗೆ ಎಲ್ಲ ಮನೆಗಳಿಂದಲೂ ಹೆಬ್ಬೆರಳಿನ ಚಿತ್ರ ಬೀಳಬೇಕು. ಬೀಳದಿದ್ದರೆ ಅವರೇ ಫೋನ್ ಮಾಡುತ್ತಿದ್ದರು. "ನೋಡಿದ್ರಾ? ನೋಡಿದ್ರೆ ಹೆಬ್ಬೆರಳು ಯಾಕೆ ಹಾಕಿಲ್ಲ? ಆರೋಗ್ಯವಾಗಿದೀರಿ ತಾನೆ?" ಎಂದು ಇಪ್ಪತ್ತು ನಿಮಿಷ ಮಾತಾಡುತ್ತಿದ್ದರು. ಅದಕ್ಕೆ ಹೆದರಿ ಜನ ಫೋನು ಟಿಂಗ್ ಎಂದ ಕೂಡಲೇ ಮೊದಲು ಹೆಬ್ಬೆರಳು ಹಾಕಿ, ಆಮೇಲೆ ತಮ್ಮ ಕೆಲಸ ನೋಡಿಕೊಳ್ಳುತ್ತಿದ್ದರು. ಓದುವುದು ಎರಡರಲ್ಲಿ ಯಾವುದರೊಳಗೂ ಬರುತ್ತಿರಲಿಲ್ಲ.

ಅದೊಂದು ಮಂಗಳವಾರ ಮಧ್ಯಾಹ್ನ. ಅಂಗಡಿಯಲ್ಲಿ ಒಬ್ಬ ಗಿರಾಕಿ ಮೂವತ್ತೊಂದನೆಯ ಫ್ರೇಮನ್ನು ಮುಖಕ್ಕೇರಿಸಿ, "ಇದ್ರಲ್ಲಿ ಸ್ವಲ್ಪ ಬುದ್ಧಿವಂತನ ಥರ ಕಾಣ್ತೀನಾ?" ಎಂದು ಕೇಳುತ್ತಿದ್ದ. ಸಂಪಾದಕರು ಸುಳ್ಳು ಹೇಳಲೋ ವ್ಯಾಪಾರ ಕಳೆದುಕೊಳ್ಳಲೋ ಎಂದು ತೂಗುತ್ತಿದ್ದಾಗ ಫೋನು ಟಿಂಗ್ ಎಂದಿತು. ಕಾರ್ಯದರ್ಶಿಯವರ ಸಂದೇಶ. ಸಂಪಾದಕರು ವಾಡಿಕೆಯಂತೆ ಹೆಬ್ಬೆರಳು ಹಾಕಿದರು. ಫೋನಿನ ಮೇಲೆ ಗಾಜು ಉಜ್ಜಿದ ಬಿಳಿ ಪುಡಿ ಕೂತಿತ್ತು. ಇಪ್ಪತ್ತೆರಡು ವರ್ಷ ಗಾಜಿನ ಜೊತೆ ಬಾಳಿದ ಮನುಷ್ಯನ ಕೈ ಸುಮ್ಮನಿರುತ್ತದೆಯೆ? ಜೇಬಿನಿಂದ ಹಳದಿ ಬಟ್ಟೆ ತೆಗೆದರು, ಫೋನಿನ ಮೇಲೆ ಎರಡು ಸಲ ಉಸಿರು ಬಿಟ್ಟರು, ತೆರೆ ಆರಿಸದೆಯೇ ವೃತ್ತಾಕಾರವಾಗಿ ಉಜ್ಜಿದರು, ಕಣ್ಣೆದುರು ಹಿಡಿದು ಹೊಳಪು ನೋಡಿ ಜೇಬಿಗೆ ಹಾಕಿಕೊಂಡರು.

ಗ್ರೂಪ್ ಬಿಡಬೇಕಾದರೆ ಮೂರು ಕಡೆ ಒತ್ತಬೇಕು. 'ನಿಜವಾಗಿಯೂ ಬಿಡಬೇಕೆ?' ಎಂದು ಫೋನು ಕೇಳಿಯೇ ಕೇಳುತ್ತದೆ. ಆದರೆ ಮೂರು ಕಡೆ ಒತ್ತಬೇಕಾದಲ್ಲಿ ಸಂಪಾದಕರು ಮೂವತ್ತು ಕಡೆ ಉಜ್ಜಿದ್ದರು. ಇಪ್ಪತ್ತನಾಲ್ಕು ಮನೆಗಳ ಫೋನುಗಳಲ್ಲಿ, ಕಾರ್ಯದರ್ಶಿಯವರ ಸಂದೇಶದ ನೇರ ಕೆಳಗೆ, ಒಂದು ಬೂದು ಸಾಲು ಮೂಡಿತು. ಸಂಪಾದಕರು ಗ್ರೂಪ್ ಬಿಟ್ಟಿದ್ದಾರೆ.

ಕಟ್ಟಡ ತಲ್ಲಣಿಸಿತು. ಆ ಗ್ರೂಪನ್ನು ಅದುವರೆಗೆ ಬಿಟ್ಟವರು ಇಬ್ಬರೇ, ಇಬ್ಬರೂ ತೀರಿಕೊಂಡಿದ್ದರು. ಬದುಕಿರುವ ಮನುಷ್ಯ ಯಾಕೆ ಬಿಟ್ಟ ಎಂದು ತಿಳಿಯಲು ಜನ ಮೊದಲ ಸಲ ಕಾರ್ಯದರ್ಶಿಯವರ ಸಂದೇಶವನ್ನು ಓದಿದರು. ಪೂರ್ತಿಯಲ್ಲ. ಫೋನು ತಾನಾಗಿ ತೋರಿಸುವಷ್ಟು, ಮೂರು ಸಾಲು. ಮುಂದಿನ ಒಂದನೇ ತಾರೀಕಿನಿಂದ ಗೇಟಿಗೆ ಮುಖ ಗುರುತಿಸುವ ಆಧುನಿಕ ಯಂತ್ರವನ್ನು ಅಳವಡಿಸಲಾಗುವುದು, ವಾಚ್‌ಮನ್ ಸೇವೆಯನ್ನು ಅಂದೇ ಕೊನೆಗೊಳಿಸಲಾಗುವುದು ಎಂದಿತ್ತು. ಅದರ ಕೆಳಗೆ 'ಹೆಚ್ಚು ಓದಿ' ಎಂದಿತ್ತು. ಹೆಚ್ಚು ಓದುವ ಅಭ್ಯಾಸ ಯಾರಿಗೂ ಇರಲಿಲ್ಲ.

ಸಂಜೆ ಸಂಪಾದಕರು ನಡೆದುಕೊಂಡು ಬಂದಾಗ ವಾಚ್‌ಮನ್ ಗೇಟಿನ ಎರಡೂ ಬಾಗಿಲು ತೆರೆದ. ಕಾರಿಗೆ ಮಾತ್ರ ಎರಡು ಬಾಗಿಲು ತೆರೆಯುವುದು ಅಲ್ಲಿನ ಪದ್ಧತಿ. ಸಂಪಾದಕರು ಹಿಂದೆ ಯಾವುದೋ ಕಾರು ಬರುತ್ತಿದೆಯೆಂದು ಪಕ್ಕಕ್ಕೆ ಸರಿದು ನಿಂತರು. ಕಾರು ಬರಲಿಲ್ಲ. ವಾಚ್‌ಮನ್ ಸೆಲ್ಯೂಟ್ ಹೊಡೆದ. ಐವತ್ತು ದಾಟಿದ ಗಟ್ಟಿ ಆಳು, ಆದರೆ ಕಣ್ಣು ಒದ್ದೆಯಾಗಿತ್ತು.

"ನನ್ನ ಸಲುವಾಗಿ ನೀವು ಅಷ್ಟು ದೊಡ್ಡ ಕೆಲ್ಸ ಮಾಡಿಬಿಟ್ರಿ ಸಾರ್."

"ಅದ್ರಲ್ಲೇನಿದೆ ಬಿಡಪ್ಪ," ಎಂದರು ಸಂಪಾದಕರು. ಏನೆಂದು ತಿಳಿಯದಿದ್ದಾಗ ಹೇಳಲು ಇದಕ್ಕಿಂತ ಒಳ್ಳೆಯ ಮಾತಿಲ್ಲ.

"ಇಪ್ಪತ್ತನಾಲ್ಕು ಮನೇಲಿ ಒಬ್ರಾದ್ರೂ ಗ್ರೂಪ್ ಬಿಟ್ಟು ಹೊರಗೆ ಬಂದ್ರಲ್ಲ ಸಾರ್. ಕೆಲ್ಸ ಹೋದ್ರೆ ಹೋಗ್ಲಿ, ಇನ್ನೊಂದು ಗೇಟು ಸಿಗುತ್ತೆ. ಆದ್ರೆ ಕೆಲ್ಸದ ಜೊತೆ ಪಂಪ್ ಪಕ್ಕದ ಕೋಣೆನೂ ಹೋಗುತ್ತೆ. ಮಗಳದ್ದು ನರ್ಸಿಂಗ್ ಕೊನೇ ವರ್ಷ. ನಾಲ್ಕು ತಿಂಗಳಿಗೆ ಪರೀಕ್ಷೆ. ಈಗ ಅವಳನ್ನ ಕರ್ಕೊಂಡು ಎಲ್ಲಿಗೆ ಹೋಗ್ಲಿ ಹೇಳಿ?"

ಸಂಪಾದಕರು ಫೋನು ತೆಗೆದು ನೋಡಿದರು. ಗ್ರೂಪ್ ಇರಲಿಲ್ಲ. ಉಜ್ಜಿದ್ದು ನೆನಪಾಯಿತು.

"ಅದು ಏನಾಯ್ತು ಅಂದ್ರೆ... ಬಟ್ಟೆ..." ಎಂದು ಶುರುಮಾಡಿದರು.

"ಬಟ್ಟೆನಾ ಸಾರ್?"

ವಾಚ್‌ಮನ್ ಅವರನ್ನೇ ನೋಡುತ್ತಿದ್ದ. ಅಷ್ಟು ಗೌರವದಿಂದ ಅವರನ್ನು ಅದುವರೆಗೆ ಯಾರೂ ನೋಡಿರಲಿಲ್ಲ, ಕನ್ನಡಕ ಹಾಕಿಸಿಕೊಂಡವರೂ ನೋಡಿರಲಿಲ್ಲ.

"ಬಟ್ಟೆ ಬದಲಾಯಿಸಿ ಬರ್ತೀನಿ, ಆಮೇಲೆ ಮಾತಾಡೋಣ," ಎಂದು ಹೇಳಿ ಸಂಪಾದಕರು ಮೆಟ್ಟಿಲು ಹತ್ತಿದರು.

ಮೂರನೇ ಮಹಡಿಯ ಮೇಡಂ ತಮ್ಮ ಬಾಗಿಲಲ್ಲೇ ಕಾದಿದ್ದರು. ಅವರು ನಿವೃತ್ತ ಗಣಿತದ ಟೀಚರ್. ಕಟ್ಟಡದಲ್ಲಿ ಕಾರ್ಯದರ್ಶಿ ಹೆದರುತ್ತಿದ್ದ ಏಕೈಕ ವ್ಯಕ್ತಿ.

"ಮೂವತ್ತಾರು ವರ್ಷ ಪಾಠ ಮಾಡಿದೀನಿ ನಾನು," ಎಂದರು ಮೇಡಂ. "ವಿವರಣೆ ಬರೀದೆ ಬರೀ ಉತ್ತರ ಬರೆದೋರಿಗೆ ಇವತ್ತಿನವರೆಗೂ ಒಂದು ಅಂಕ ಕೊಟ್ಟಿಲ್ಲ. ನಿಮಗೆ ಕೊಡ್ತೀನಿ. ಒಂದು ಅಕ್ಷರ ಆಡದೆ ಎದ್ದು ನಡೆದ್ರಲ್ಲ! ನಾನೂ ಈಗಷ್ಟೆ ಗ್ರೂಪ್ ಬಿಟ್ಟೆ. ಇನ್ನು ನೀವು ಹೇಳಿದ ಹಾಗೆ."

ಹೇಳುವುದೇನೂ ಇರಲಿಲ್ಲವಾದ್ದರಿಂದ ಸಂಪಾದಕರು ಗಂಭೀರವಾಗಿ ತಲೆ ಆಡಿಸಿದರು. ಗಾಂಭೀರ್ಯ ಇನ್ನಷ್ಟು ಅಪಾರ್ಥಕ್ಕೆ ಕಾರಣವಾಯಿತು.

ಮನೆಯೊಳಗೆ ಹೆಂಡತಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು.

"ಯಾರನ್ನ ಕೇಳಿ ಬಿಟ್ರಿ?"

"ನಾನೆಲ್ಲಿ ಬಿಟ್ಟೆ ಕಣೇ? ಫೋನ್ ಒರೆಸಿದೆ. ಅದೇ ಬಿಟ್ಕೊಂಡಿದೆ."

"ನಾನೂ ಹಾಗೇ ಅಂದ್ಕೊಂಡೆ," ಎಂದರು ಹೆಂಡತಿ. "ನಿಮಗೆ ಅಷ್ಟು ಧೈರ್ಯ ಎಲ್ಲಿಂದ ಬರ್ಬೇಕು."

ಹೀಗೆ ಕಟ್ಟಡದಲ್ಲಿ ನಿಜವನ್ನು ನಂಬಿದವರು ಅವರೊಬ್ಬರೇ ಆದರು. ಆದರೆ ನಂಬಿದ್ದರಿಂದ ಪ್ರಯೋಜನವಾಗಲಿಲ್ಲ. ಆ ಯಂತ್ರವನ್ನು ಮಾರುತ್ತಿದ್ದವನು ಹೆಂಡತಿಯ ಖಾಸಾ ತಮ್ಮ. ಈ ಭಾಮೈದ ಇದಕ್ಕೆ ಮೊದಲು ಹೆಜ್ಜೆ ಎಣಿಸುವ ಚಪ್ಪಲಿ, ಮಾತಾಡುವ ಗಡಿಯಾರ ಮತ್ತು ತಾನಾಗಿ ಗುಡಿಸುವ ಒಂದು ಪೊರಕೆಯನ್ನು ಮಾರಲು ಹೋಗಿ ಕೈಸುಟ್ಟುಕೊಂಡಿದ್ದ. ತಿಂಗಳ ಕೆಳಗೆ ಅವನು ಕಾರ್ಯದರ್ಶಿಯವರ ನಂಬರು ಕೇಳಿದಾಗ ಕೊಟ್ಟವರು ಸಂಪಾದಕರೇ. ಯಾಕೆ ಎಂದು ಕೇಳಿರಲಿಲ್ಲ. ಅವರು ಬರೆಯುವವರೇ ಹೊರತು ಕೇಳುವವರಲ್ಲ.

ಅಷ್ಟರಲ್ಲಿ ಆ ದಿನ ಐದನೇ ಸಲ ಅವನ ಫೋನು ಬಂತು. ಹೆಂಡತಿ ಸ್ಪೀಕರಿಗೆ ಹಾಕಿದರು.

"ಭಾವ, ನಂಬರು ಕೊಟ್ಟೋರು ನೀವು! ಈಗ ಚಳವಳಿ ಮಾಡೋರೂ ನೀವು!" ಭಾಮೈದ ಒಂದೇ ಸಮನೆ ಕೂಗಿದ. "ನಾನೊಂದು ಸಲ ನೆಟ್ಟಗೆ ನಿಂತ್ಕೊಳ್ಳೋಕೆ ಹೋದ್ರೆ ಸ್ವಂತ ಭಾವನೇ ಕಾಲೆಳೀಬೇಕಾ? ಕಾರ್ಯದರ್ಶಿಗಳು ಭಾನುವಾರ ಸಭೆ ಕರೀತಿದಾರೆ. ನಾನೇ ಯಂತ್ರ ತಂದು ಎಲ್ಲರ ಮುಂದೆ ತೋರಿಸ್ತೀನಿ. ಆಗ ಹೇಳಿ, ನಿಮ್ಮ ವಿರೋಧ ಏನು ಅಂತ!"

"ನನಗೇನೂ ವಿರೋಧ ಇಲ್ಲಪ್ಪ," ಎಂದು ಸಂಪಾದಕರು ಹೇಳುವಷ್ಟರಲ್ಲಿ ಫೋನು ಕಟ್ಟಾಗಿತ್ತು.

"ಈಗಲೇ ಕಾರ್ಯದರ್ಶಿಗಳ ಮನೆಗೆ ಹೋಗಿ," ಎಂದರು ಹೆಂಡತಿ. "ಕೈತಪ್ಪಿ ಆಯ್ತು, ವಾಪಸ್ ಸೇರಿಸ್ಕೊಳ್ಳಿ ಅಂತ ಹೇಳಿ ಬನ್ನಿ. ಎರಡು ನಿಮಿಷದ ಕೆಲ್ಸ."

ಎರಡು ನಿಮಿಷವೂ ಬೇಕಾಗಲಿಲ್ಲ. ಕಾರ್ಯದರ್ಶಿಯವರು ಬಾಗಿಲು ಅರ್ಧ ತೆರೆದು ಕೈಯಲ್ಲಿ ಅಳತೆ ಟೇಪು ಹಿಡಿದು ನಿಂತರು. ಎಲ್ಲವನ್ನೂ ಅಳೆಯುವುದು ಅವರಿಗೆ ಕೈಗಂಟಿದ ಚಟ.

"ಬರ್ತೀರಿ ಅಂತ ಗೊತ್ತಿತ್ತು!"

"ಸಾರ್, ಒಂದು ಸಣ್ಣ ವಿನಂತಿ..."

"ಸಣ್ಣದು ಅಂತ ಶುರು ಮಾಡಿ ಎಲ್ಲಿಗೆ ತಂದು ನಿಲ್ಲಿಸ್ತೀರಿ ಅಂತ ನನಗೆ ಗೊತ್ತಿಲ್ವಾ? ಮೂವತ್ತು ವರ್ಷ ತಕ್ಕಡಿ ತಪಾಸಣೆ ಮಾಡಿದೋನು ನಾನು! ತಟ್ಟೆ ಕೆಳಗೆ ಅಂಟು ಮೆತ್ತಿದೋರೂ 'ಸಣ್ಣ ವಿನಂತಿ' ಅಂತಲೇ ಬರ್ತಿದ್ರು!"

"ಹಾಗಲ್ಲ ಸಾರ್, ನನ್ನ ಕೈಯಿಂದ..."

"ನಿಮ್ಮ ಕೈಯಿಂದ ಏನಾಗುತ್ತೋ ಮಾಡ್ಕೊಳ್ಳಿ! ಎದುರು ಕಟ್ಟಡಕ್ಕೆ ಯಂತ್ರ ಬಂದು ಆರು ತಿಂಗಳಾಯ್ತು. ಅವರ ಕಾರ್ಯದರ್ಶಿ ನನ್ನ ನೋಡಿ ನಗ್ತಾನೆ, ಗೊತ್ತಾ? ಬಾಗಿಲಲ್ಲಿ ಸಂಧಾನ ಇಲ್ಲ. ಭಾನುವಾರ ಸಭೇಲಿ ಬನ್ನಿ!" ಎಂದು ಬಾಗಿಲು ಹಾಕಿಕೊಂಡರು.

ಸಂಪಾದಕರು ಕೆಂಪಗಾದ ಮುಖ ಹೊತ್ತು ಅಲ್ಲಿಂದ ಹೊರಟದ್ದನ್ನು ಎರಡನೇ ಮಹಡಿಯವರು ನೋಡಿದರು. ಕಾರ್ಯದರ್ಶಿಯವರ ಮನೆಗೇ ನುಗ್ಗಿ ಮುಖಕ್ಕೆ ಹೊಡೆದ ಹಾಗೆ ಹೇಳಿ ಬಂದರಂತೆ ಎಂದು ಅವರು ಮೂರನೆಯವರಿಗೆ ಹೇಳಿದರು. ನಾಲ್ಕನೇ ಮಹಡಿಯಲ್ಲಿ 'ಹಾಗೆ' ಬಿದ್ದುಹೋಯಿತು, ಮುಖಕ್ಕೆ ಹೊಡೆದದ್ದು ಮಾತ್ರ ಉಳಿಯಿತು. ಐದನೇ ಮಹಡಿಯ ತಾತ ಕಾರ್ಯದರ್ಶಿಯವರಿಗೆ ಎಷ್ಟು ಹೊಲಿಗೆ ಬಿದ್ದಿದೆ ಎಂದು ವಿಚಾರಿಸಿದರು.

ಬುಧವಾರ ಆರು ಮನೆಗಳು ಗ್ರೂಪ್ ಬಿಟ್ಟವು. ಗುರುವಾರ ಒಂಬತ್ತು. ಯಾರಿಗೂ ಯಂತ್ರದ ಮೇಲೆ ದ್ವೇಷವಾಗಲಿ ವಾಚ್‌ಮನ್ ಮೇಲೆ ವಿಶೇಷ ಪ್ರೀತಿಯಾಗಲಿ ಇತ್ತೆಂದು ಹೇಳಲಾಗದು. ಬಿಡಬಹುದು ಎಂಬುದೇ ಅವರಿಗೆ ಹೊಸ ವಿಷಯವಾಗಿತ್ತು. ಶುಕ್ರವಾರ ಬೆಳಗ್ಗೆ ಉಳಿದ ಮನೆಗಳ ಜೊತೆ ಕಾರ್ಯದರ್ಶಿಯವರ ಹೆಂಡತಿಯೂ ಬಿಟ್ಟರು. ಯಾಕೆಂದು ಕೇಳಿದ್ದಕ್ಕೆ, "ಎಲ್ರೂ ಬಿಡ್ತಿದ್ರು, ನಾನೊಬ್ಳೇ ಕೂತು ಏನು ಮಾಡ್ಲಿ?" ಎಂದರಂತೆ. ಕೊನೆಗೆ ಗ್ರೂಪಿನಲ್ಲಿ ಉಳಿದವರು ಇಬ್ಬರೇ. ಒಬ್ಬರು ಕಾರ್ಯದರ್ಶಿ, ಇನ್ನೊಬ್ಬ ವಾಚ್‌ಮನ್. ಪಾರ್ಸಲ್ ವಿಷಯ ತಿಳಿಯಲೆಂದು ಅವನನ್ನು ಸೇರಿಸಿದ್ದರು. ಅಲ್ಲಿ ಬರೆಯಲೂ ಬಿಡಲೂ ಅವನಿಗೆ ಅನುಮತಿ ಇರಲಿಲ್ಲ. 'ನಿವಾಸಿಗಳು ಶಿಸ್ತು ಕಾಪಾಡತಕ್ಕದ್ದು' ಎಂದು ಕಾರ್ಯದರ್ಶಿಯವರು ಕಳಿಸಿದರೆ ಗೇಟಿನಲ್ಲಿ ಕುಳಿತ ವಾಚ್‌ಮನ್ ಅದನ್ನು ಓದಿ ಶಿಸ್ತಾಗಿ ಕೂರುತ್ತಿದ್ದ.

ಬಿಟ್ಟವರೆಲ್ಲ ಸೇರಿ 'ಗೇಟ್ ಉಳಿಸಿ' ಎಂಬ ಹೊಸ ಗ್ರೂಪ್ ಮಾಡಿ ಸಂಪಾದಕರನ್ನು ಅಡ್ಮಿನ್ ಪದವಿಗೇರಿಸಿದರು. ವಾಚ್‌ಮನ್‌ನನ್ನು ಸೇರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಸಂಪಾದಕರ ಎದೆ ಉಬ್ಬಿತು. ನಿಜ ಹೇಳಿಬಿಡಬೇಕೆಂದು ದಿನಕ್ಕೆ ಮೂರು ಸಲವಾದರೂ ಅನ್ನಿಸುತ್ತಿತ್ತು. ಆದರೆ ಲಿಫ್ಟಿನಲ್ಲಿ ಜನ ಅವರಿಗೆ ಜಾಗ ಬಿಡುತ್ತಿದ್ದರು, ಮಕ್ಕಳು ನಮಸ್ಕಾರ ಎನ್ನುತ್ತಿದ್ದರು, ಅಂಗಡಿಯ ಯಜಮಾನ ಕೂಡ ಒಂದು ಸಲ "ಬನ್ನಿ" ಎಂದಿದ್ದ. ಮರುಬೆಳಗ್ಗೆ ಆರಕ್ಕೆ ಅವರು 'ನಮ್ಮ ಚಳವಳಿಯ ತಾತ್ವಿಕ ನೆಲೆ: ಭಾಗ ಒಂದು' ಎಂಬುದನ್ನು ಹೊಸ ಗ್ರೂಪಿಗೆ ಏರಿಸಿದರು. ಅದರ ಕೆಳಗೆ ಬಂದ ಮುಂದಿನ ಸಂದೇಶ, 'ಮೆಟ್ಟಿಲ ಮೇಲೆ ಒದ್ದೆ ಛತ್ರಿ ಇಟ್ಟವರು ಯಾರು?' ಎಂದಿತ್ತು. ಛತ್ರಿಗೆ ಹದಿನಾರು ಉತ್ತರ ಬಂದವು. ಕ್ರಾಂತಿಯ ನಾಯಕನನ್ನು ಕ್ರಾಂತಿಕಾರಿಗಳೆಲ್ಲ ತಮ್ಮ ಫೋನಿನಲ್ಲಿ ಸದ್ದಡಗಿಸಿ ಇಟ್ಟಿದ್ದಾರೆಂದು ಅವರಿಗೆ ತಿಳಿಯಲಿಲ್ಲ.

ಭಾನುವಾರ ಹತ್ತು ಗಂಟೆಗೆ ಕೆಳಗಡೆ ಕಾರು ನಿಲ್ಲಿಸುವ ಜಾಗದಲ್ಲಿ ಸಭೆ ಸೇರಿತು. ಕುರ್ಚಿಗಳನ್ನು ಹಾಕಿದವನು ವಾಚ್‌ಮನ್ನೇ. ತನ್ನನ್ನು ತೆಗೆಯುವ ಸಭೆಗೆ ತಾನೇ ನಲವತ್ತು ಕುರ್ಚಿ ಒರೆಸಿ ಸಾಲಾಗಿ ಜೋಡಿಸಿ, ಗೋಡೆಗೆ ಒರಗಿ ನಿಂತಿದ್ದ. ಪಕ್ಕದಲ್ಲಿ ಅವನ ಮಗಳು ಪುಸ್ತಕ ಎದೆಗವಚಿಕೊಂಡು ನಿಂತಿದ್ದಳು. ಅವಳನ್ನು ನೋಡಿ ಸಂಪಾದಕರಿಗೆ ತಾವು ಸಿದ್ಧಪಡಿಸಿಕೊಂಡಿದ್ದ ಹನ್ನೆರಡು ಪುಟದ ಭಾಷಣ ಸುಮ್ಮನೆ ಭಾರವೆನ್ನಿಸಿತು.

ಭಾಮೈದ ಹೊಸ ಶರಟು ಹಾಕಿ ಬಂದಿದ್ದ. ಭಾವನತ್ತ ಕಣ್ಣೆತ್ತಿಯೂ ನೋಡದೆ ಒಂದು ಸ್ಟೂಲಿನ ಮೇಲೆ ಯಂತ್ರವಿಟ್ಟು ಎಲ್ಲರ ಮುಖವನ್ನೂ ಒಂದೊಂದಾಗಿ ಅದಕ್ಕೆ ತೋರಿಸಿ ಪರಿಚಯ ಮಾಡಿಸಿದ. ಕ್ರಾಂತಿಕಾರಿಗಳು ಅದು ಕೆಟ್ಟು ನಿಲ್ಲುವುದನ್ನೇ ಕಾಯುತ್ತ ಕುಳಿತರು. ಅದು ಕೆಡಲಿಲ್ಲ. ಅಲ್ಲೇ ಎಡವಟ್ಟಾದದ್ದು. ಮೂರನೇ ಮಹಡಿಯ ಮೇಡಂ ಮುಖ ಗಂಟಿಕ್ಕಿಕೊಂಡು ಅದರ ಮುಂದೆ ನಿಂತರೆ ಯಂತ್ರ ಜೇನಿನಂಥ ದನಿಯಲ್ಲಿ, "ಸ್ವಾಗತ, ಮೂರನೇ ಮಹಡಿಯ ಮೇಡಂ. ತಮ್ಮನ್ನು ನೋಡಿ ಸಂತೋಷವಾಯಿತು," ಎಂದಿತು. ಮೂವತ್ತಾರು ವರ್ಷದ ಸೇವೆಯಲ್ಲಿ ಅವರನ್ನು ನೋಡಿ ಸಂತೋಷವಾಯಿತೆಂದು ಹೇಳಿದವರು ಇರಲಿಲ್ಲ. ಮೇಡಂ ಸೆರಗು ಸರಿಮಾಡಿಕೊಂಡು, "ಪರವಾಗಿಲ್ಲ, ಮರ್ಯಾದೆ ಗೊತ್ತು," ಎಂದರು.

ಆಮೇಲೆ ಸಾಲು ಕಟ್ಟಿತು. ಐದನೇ ಮಹಡಿಯ ತಾತ ಮೂರು ಸಲ ಸುತ್ತಿ ಬಂದರು. "ನಮ್ಮನೇಲಿ ಯಾರೂ ನನ್ನನ್ನ ಇಷ್ಟು ಚೆನ್ನಾಗಿ ಮಾತಾಡ್ಸಲ್ಲ," ಎಂದು ಮಗನಿಗೆ ಕೇಳುವ ಹಾಗೆ ಹೇಳಿ ನಾಲ್ಕನೇ ಸಲ ನಿಂತರು. ಹತ್ತೇ ನಿಮಿಷದಲ್ಲಿ ಕ್ರಾಂತಿ ಕರಗಿ ನೀರಾಯಿತು. 'ಗೇಟ್ ಉಳಿಸಿ' ಗ್ರೂಪಿನ ಸದಸ್ಯರು ಗೇಟಿಗೆ ಯಂತ್ರ ಎಡಗಡೆ ಚೆಂದವೋ ಬಲಗಡೆ ಚೆಂದವೋ ಎಂದು ಚರ್ಚಿಸತೊಡಗಿದರು.

ಕಾರ್ಯದರ್ಶಿಯವರು ಎದ್ದು ನಿಂತರು. "ಇನ್ನೊಂದೇ ವಿಷಯ. ನಿಮ್ಮ ನಾಯಕರ ಬಗ್ಗೆ." ಫೋನು ಎತ್ತಿ ಹಿಡಿದರು. "ನನ್ನ ಸಂದೇಶಕ್ಕೆ ಇಪ್ಪತ್ತಮೂರು ಹೆಬ್ಬೆರಳು ಬಿದ್ದಿವೆ. ಮೊದಲನೇ ಹೆಬ್ಬೆರಳು ಯಾರದ್ದು ಗೊತ್ತಾ? ಇವರದ್ದು! ಎರಡು ಗಂಟೆ ಹದಿನೇಳು ನಿಮಿಷಕ್ಕೆ ಒಪ್ಪಿಗೆ. ಹದಿನೆಂಟಕ್ಕೆ ಪ್ರತಿಭಟನೆ! ಇದನ್ನ ಯಾವ ತಕ್ಕಡೀಲಿ ತೂಗೋದು, ನೀವೇ ಹೇಳಿ."

ಎಲ್ಲರೂ ಸಂಪಾದಕರ ಕಡೆ ತಿರುಗಿದರು.

"ವಿವರಣೆ ಕೊಡಿ," ಎಂದರು ಮೇಡಂ.

ಸಂಪಾದಕರು ಭಾಷಣದ ಪುಟ ತಿರುವಿದರು. ಇದಕ್ಕೆ ಅದರಲ್ಲಿ ಉತ್ತರವಿರಲಿಲ್ಲ. ಗೋಡೆಯ ಹತ್ತಿರ ವಾಚ್‌ಮನ್ ಮುಖ ಕೆಳಗೆ ಹಾಕಿದ್ದು ಕಾಣಿಸಿತು. ಸಂಪಾದಕರಿಗೆ ಹುಟ್ಟಿದಂದಿನಿಂದ ಆಗದಷ್ಟು ನಾಚಿಕೆಯಾಯಿತು.

"ವಿವರಣೆ ಏನೂ ಇಲ್ಲ," ಎಂದರು. "ಸಂದೇಶ ಬಂತು, ಓದದೇ ಹೆಬ್ಬೆರಳು ಹಾಕಿದೆ. ಆಮೇಲೆ ಫೋನ್ ಒರೆಸಿದೆ, ಅದು ಗ್ರೂಪ್ ಬಿಡ್ತು. ನೀವೆಲ್ಲ ಹೊಗಳಿದ್ರಿ, ಚೆನ್ನಾಗಿತ್ತು, ಸುಮ್ಮನಿದ್ದೆ. ಇಷ್ಟೇ."

 ನಗೆ ಶುರುವಾಯಿತು. ಮೊದಲು ಎರಡನೇ ಮಹಡಿಯವರು ಕಿಸಕ್ಕೆಂದರು, ಆಮೇಲೆ ತಾತ ಕೆಮ್ಮುತ್ತ ನಕ್ಕರು, ಕೊನೆಗೆ ಇಡೀ ಸಭೆ ಹೊಟ್ಟೆ ಹಿಡಿದುಕೊಂಡಿತು. ಭಾಮೈದನಂತೂ ಯಂತ್ರಕ್ಕೆ ಒರಗಿ ನಕ್ಕ. ಸಂಪಾದಕರ ಕಿವಿ ಬಿಸಿಯಾಯಿತು. ಮೂರು ವರ್ಷ ಯಾರೂ ಓದದಿದ್ದಾಗ ಬರದ ಸಿಟ್ಟು ಈಗ ಒಟ್ಟಿಗೇ ಬಂತು.

"ನಗ್ಬೇಡಿ!" ಎಂದು ಕೂಗಿದರು. ಅವರು ಕೂಗಿದ್ದನ್ನು ಹೆಂಡತಿಯೂ ಕೇಳಿರಲಿಲ್ಲ. "ನಾನು ಓದದೇ ಹಾಕಿದೆ, ಸರಿ. ಇನ್ನೂ ಇಪ್ಪತ್ತೆರಡು ಹೆಬ್ಬೆರಳು ಇದಾವಲ್ಲ? ಒಬ್ಬ ಮನುಷ್ಯನ ಅನ್ನ ಕಿತ್ಕೊಳ್ಳೋ ಕಾಗದ ಅದು. ಪೂರ್ತಿ ಓದಿ ಹಾಕಿದೋರು ಯಾರಾದ್ರೂ ಇದ್ರೆ ಕೈ ಎತ್ತಿ ನೋಡೋಣ!"

ನಗೆ ನಿಂತಿತು. ಎರಡನೇ ಮಹಡಿಯವರು ಚಪ್ಪಲಿ ನೋಡಿಕೊಂಡರು. ಮೇಡಂ ಕನ್ನಡಕ ತೆಗೆದು ಪರೀಕ್ಷಿಸಿದರು. "ನಾನು ಓದಿದೀನಿ," ಎಂದರು ಕಾರ್ಯದರ್ಶಿ. "ಬರೆದೋರು ಲೆಕ್ಕಕ್ಕಿಲ್ಲ," ಎಂದರು ಮೇಡಂ.

ಆಗ ಗೋಡೆಯ ಕಡೆಯಿಂದ ಒಂದು ಕೈ ಮೇಲೆದ್ದಿತು.

"ನಾನು ಓದಿದೀನಿ ಸಾರ್," ಎಂದ ವಾಚ್‌ಮನ್. "ಹನ್ನೊಂದು ಅಂಶನೂ."

"ಹನ್ನೊಂದಾ?" ಎಂದು ನಾಲ್ಕೈದು ಜನ ಒಟ್ಟಿಗೆ ಕೇಳಿದರು. ಮೂರು ಸಾಲಿನ ಆಚೆ ಇನ್ನೇನೋ ಇದೆಯೆಂಬುದೇ ಅವರಿಗೆ ಗೊತ್ತಿರಲಿಲ್ಲ.

ಮೇಡಂ ಒಳಗಿನ ಟೀಚರ್ ಎದ್ದು ಕುಳಿತರು. "ಹೌದಾ? ಹಾಗಾದ್ರೆ ಒಂಬತ್ತನೇ ಅಂಶ ಹೇಳು."

ವಾಚ್‌ಮನ್ ನೆಟ್ಟಗೆ ನಿಂತು, ಕೈ ಕಟ್ಟಿಕೊಂಡು, ಒಂದೇ ಉಸಿರಿಗೆ ಒಪ್ಪಿಸಿದ. "ಸದರಿ ಯಂತ್ರವು ನಿವಾಸಿಗಳ ಮುಖವನ್ನು ಮಾತ್ರ ಗುರುತಿಸುವುದರಿಂದ, ಪಾರ್ಸಲ್, ಗ್ಯಾಸ್ ಸಿಲಿಂಡರ್, ನಲ್ಲಿ ರಿಪೇರಿ ಹಾಗೂ ನೆಂಟರಿಷ್ಟರಿಗೆ ಗೇಟು ತೆರೆಯುವ ಸಲುವಾಗಿ, ಪ್ರತಿ ದಿನ ಒಂದು ಮನೆಯ ಒಬ್ಬ ಸದಸ್ಯರು ಸರದಿಯಂತೆ ಬೆಳಗ್ಗೆ ಆರರಿಂದ ರಾತ್ರಿ ಎಂಟರವರೆಗೆ ಗೇಟಿನ ಬಳಿ ಕುಳಿತಿರತಕ್ಕದ್ದು. ಕುರ್ಚಿಯನ್ನು ಅವರವರೇ ತರತಕ್ಕದ್ದು."

ಜನ ತಾವು ಕುಳಿತಿದ್ದ ಕುರ್ಚಿಗಳನ್ನೇ ಒಮ್ಮೆ ನೋಡಿಕೊಂಡರು.

"ನಾವು?" ಎಂದರು ಎರಡನೇ ಮಹಡಿಯವರು. "ಗೇಟಲ್ಲಿ?"

"ಹನ್ನೊಂದನೇದರಲ್ಲಿ ಸರದಿ ಪಟ್ಟಿ ಇದೆ ಸಾರ್. ಒಂದನೇ ತಾರೀಕು ಮೂರನೇ ಮಹಡಿ ಮೇಡಮ್ಮೋರದ್ದು."

"ನಾನು? ಈ ಮಂಡಿ ಇಟ್ಕೊಂಡು? ಹದಿನಾಲ್ಕು ಗಂಟೆ?" ಮೇಡಂ ಎದ್ದು ನಿಂತರು. "ಯಾರ್ರೀ ಇದನ್ನ ಒಪ್ಪಿದ್ದು?"

"ನೀವೇ!" ಎಂದು ಕಾರ್ಯದರ್ಶಿಯವರು ಫೋನು ಬೀಸಿದರು. "ಏಳನೇ ಹೆಬ್ಬೆರಳು!"

"ಎರಡನೇ ತಾರೀಕು ಯಾರದ್ದು?" ಎಂದು ಸಂಪಾದಕರ ಹೆಂಡತಿ ಕೇಳಿದರು.

"ನಿಮ್ಮದೇ ಅಮ್ಮ."

"ಇವರು ಅಂಗಡೀಲಿರ್ತಾರೆ. ಅಂದ್ರೆ ಗೇಟಲ್ಲಿ ನಾನು." ಅವರು ನಿಧಾನವಾಗಿ ತಮ್ಮನ ಕಡೆ ತಿರುಗಿದರು. "ಏನೋ, ನಿನ್ನ ಯಂತ್ರಕ್ಕೆ ಇಷ್ಟೂ ಬರಲ್ವಾ?"

"ಅಕ್ಕಾ, ಅದು ಮುಖ ಗುರುತು ಹಿಡಿಯೋ ಯಂತ್ರ," ಎಂದ ಭಾಮೈದ, ಒಂದು ಹೆಜ್ಜೆ ಹಿಂದೆ ಸರಿದು. "ಗ್ಯಾಸ್ ಸಿಲಿಂಡರಿಗೆ ಮುಖ ಎಲ್ಲಿರುತ್ತೆ ಹೇಳು?"

"ಎತ್ಕೊಂಡು ನಡಿ!"

ಸಭೆ ಎದ್ದು ನಿಂತಿತು. ಎಲ್ಲರೂ ಒಟ್ಟಿಗೆ ಕೂಗುತ್ತ ಮುಂದೆ ನುಗ್ಗಿದ್ದರಿಂದ ಯಂತ್ರಕ್ಕೆ ಕೈತುಂಬ ಕೆಲಸವಾಯಿತು. "ಸ್ವಾಗತ, ಎರಡನೇ ಮಹಡಿ. ಸ್ವಾಗತ, ನಾಲ್ಕನೇ ಮಹಡಿ. ತಮ್ಮನ್ನು ನೋಡಿ ಸಂತೋಷವಾಯಿತು," ಎಂದು ಅದು ಕಾರ್ಯದರ್ಶಿಯವರನ್ನು ಸುತ್ತುವರಿದವರನ್ನೆಲ್ಲ ಹೆಸರು ಹಿಡಿದು ಮಾತಾಡಿಸಿತು. ಕೊನೆಗೆ ಭಾಮೈದನೇ ಅದಕ್ಕೊಂದು ಟವೆಲು ಹೊದಿಸಿದ. ಐದನೇ ಮಹಡಿಯ ತಾತ ಮಾತ್ರ, ಅದನ್ನು ತಮ್ಮ ಕೋಣೆಯಲ್ಲಿ ಇಟ್ಟುಕೊಳ್ಳಬಹುದೇ ಎಂದು ಗುಟ್ಟಾಗಿ ಅವನನ್ನು ವಿಚಾರಿಸುತ್ತಿದ್ದರು.

ಸದ್ದಡಗಿದ ಮೇಲೆ ಮೇಡಂ ವಾಚ್‌ಮನ್ ಕಡೆ ತಿರುಗಿದರು. "ಇಷ್ಟೆಲ್ಲ ಗೊತ್ತಿದ್ದು ಐದು ದಿನ ಬಾಯಿ ಮುಚ್ಕೊಂಡಿದ್ಯಲ್ಲ? ಯಾಕೆ?"

"ನಾನು ಗ್ರೂಪಲ್ಲಿ ಬರೆಯೋ ಹಾಗಿಲ್ಲ ಮೇಡಂ." ವಾಚ್‌ಮನ್ ತಡವರಿಸಿದ. "ಮತ್ತೆ ನೀವೆಲ್ಲ ಓದಿಯೇ ಹೆಬ್ಬೆರಳು ಹಾಕಿದೀರಿ ಅಂದ್ಕೊಂಡಿದ್ದೆ. ಹದಿನಾಲ್ಕು ಗಂಟೆ ನೀವೇ ಕೂತ್ಕೊಳ್ಳೋಕೂ ಸಿದ್ಧ, ಆದ್ರೆ ನಾನು ಮಾತ್ರ ಬೇಡ ಅಂದ್ರಲ್ಲ ಅಂತ... ಅದಕ್ಕೇ ಏನೂ ಕೇಳ್ಲಿಲ್ಲ."

 ಕಾರ್ಯದರ್ಶಿಯವರು ಅಳತೆ ಟೇಪನ್ನು ಜೇಬಿಗೆ ಹಾಕಿಕೊಂಡರು.

ನಿರ್ಣಯವನ್ನು ಮೇಡಂ ಬಾಯಲ್ಲಿ ಹೇಳಿದರು, ಕಾರ್ಯದರ್ಶಿಯವರು ನಿಂತುಕೊಂಡೇ ಬರೆದರು. ಯಂತ್ರ ಬೇಡ. ವಾಚ್‌ಮನ್ ಇರತಕ್ಕದ್ದು, ಕೋಣೆಯೂ ಅವನದೇ. ಇನ್ನು ಮುಂದೆ ಅವನು ಗ್ರೂಪಿನಲ್ಲಿ ಬರೆಯಬಹುದು. "ವಾಚ್‌ಮನ್ ಬರೆಯೋದಾ?" ಎಂದು ಕಾರ್ಯದರ್ಶಿಯವರು ಪೆನ್ನು ನಿಲ್ಲಿಸಿದಾಗ, "ಓದೋನು ಅವನೊಬ್ನೇ ಅಲ್ವೇನ್ರೀ, ಬರೀರಿ," ಎಂದು ಮೇಡಂ ಗದರಿಸಿದರು. ಈ ಸಲ ಜನ ಹೆಬ್ಬೆರಳು ತೋರಿಸಲಿಲ್ಲ, ಇಡೀ ಕೈ ಎತ್ತಿದರು.

ಎಲ್ಲರೂ ಹೋದ ಮೇಲೆ ಸಂಪಾದಕರು ಅಲ್ಲೇ ಉಳಿದು ಕುರ್ಚಿ ಮಡಿಸಲು ನಿಂತರು. ವಾಚ್‌ಮನ್ ಬೇಡವೆಂದ, ಅವರು ಕೇಳಲಿಲ್ಲ. ನಾಲ್ಕು ಕುರ್ಚಿ ಮಡಿಸಿದ ಮೇಲೆ ತಡೆಯಲಾರದೆ ಕೇಳಿಯೇಬಿಟ್ಟರು.

"ಗ್ರೂಪಿಗೆ ಬಂದಿದ್ದೆಲ್ಲ ಓದ್ತೀಯಾ ನೀನು?"

"ಎಲ್ಲಾನೂ ಸಾರ್. ಗೇಟಲ್ಲಿ ಇನ್ನೇನಿರುತ್ತೆ ಕೆಲ್ಸ."

"ನಂದೂ?"

"ನಿಮ್ದೂ ಸಾರ್. ಮೂರು ವರ್ಷದಿಂದ. ಒಂದೂ ಬಿಟ್ಟಿಲ್ಲ."

ಸಂಪಾದಕರು ಮಡಿಸುತ್ತಿದ್ದ ಕುರ್ಚಿಯನ್ನು ಬಿಡಿಸಿ ಅದರ ಮೇಲೆ ಕುಳಿತರು.  ಸಾವಿರ ಚಿಲ್ಲರೆ ಲೇಖನಗಳಿಗೆ ಒಬ್ಬ ಓದುಗ, ದಿನಾ ಎರಡು ಹೊತ್ತು ಅವರೆದುರೇ ಗೇಟು ತೆರೆದು ನಿಲ್ಲುತ್ತಿದ್ದ. ಗಡಿ ಬಿಕ್ಕಟ್ಟಿನ ಶಾಂತಿ ಸೂತ್ರವಿರಬಹುದೆ? ಕೃತಕ ಬುದ್ಧಿಮತ್ತೆಯ ಹದಿನಾಲ್ಕು ಭಾಗಗಳೆ? ಆದಷ್ಟು ಸಹಜವಾದ ದನಿಯಲ್ಲಿ ಕೇಳಿದರು.

"ಅದ್ರಲ್ಲಿ ನಿನಗೆ ಯಾವುದು ತುಂಬಾ ಹಿಡಿಸ್ತು?"

ವಾಚ್‌ಮನ್ ಕುರ್ಚಿಯನ್ನು ಗೋಡೆಗೆ ಒರಗಿಸಿ ಬಹಳ ಹೊತ್ತು ಯೋಚಿಸಿದ. ಮೂರು ವರ್ಷಗಳನ್ನೂ ಒಂದು ಸಲ ತಿರುವಿ ಹಾಕಿದಂತಿತ್ತು.

"ನೀವು ಗ್ರೂಪ್ ಬಿಟ್ಟಿದ್ದು ಸಾರ್," ಎಂದ. "ಒಂದೇ ಸಾಲು. ಆವತ್ತು ಮಗಳನ್ನ ಕರೆದು ಅವಳಿಗೂ ಓದಿಸಿದೆ. ಕೈತಪ್ಪಿ ಆಗಿದ್ದು ಅಂತ ಈಗ ಗೊತ್ತಾಯ್ತು. ಆದ್ರೂ ಅದೇ ಸಾರ್."